ಎಲ್ಲ ದನಿಗೂ ಒಂದೇ ದಾರಿ

“ಮಾವ, ಎಡಕ್ಕೆ ತಿರುಗ್ತಿದೀವಿ. ಗೋಡೆ ತಾಗುತ್ತೆ, ಜೋಪಾನ.”

“ಗೊತ್ತು, ನಡಿಯೇ,” ಎಂದರು ಅವರು. ತಂಗಿಯ ಶವಪೆಟ್ಟಿಗೆಯ ಮೂಲೆ ಅವರ ಹೆಗಲ ಮೇಲಿತ್ತು. ಹುಟ್ಟಿನಿಂದ ಕಣ್ಣು ಕಾಣದವರು. ಹೊರುವುದು ಬೇಡವೆಂದು ಎಲ್ಲರೂ ಹೇಳಿದ್ದರು. ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ತಂಗಿಯ ಮಗಳು ದಾರಿ ಹೇಳುತ್ತ ಪಕ್ಕದಲ್ಲೇ ಮೆಟ್ಟಿಲಿಳಿಯುತ್ತಿದ್ದಳು. ಮುಂದೆ ಹೆಗಲು ಕೊಟ್ಟಿದ್ದವನು ತಂಗಿಯ ಜೊತೆ ಕೆಲಸ ಮಾಡುತ್ತಿದ್ದ ಎತ್ತರದ ಮನುಷ್ಯ. ಎಲ್ಲರೂ ಅವನನ್ನು ಗಡ್ಡ ಎಂದೇ ಕರೆಯುತ್ತಿದ್ದರು.

ವ್ಯಾನಿನ ಬಳಿ ಪಕ್ಕದ ಮನೆಯಾಕೆ ಮೆಲ್ಲಗೆ ಕೇಳಿದಳು: “ಕಂಪ್ಯೂಟರ್ ಕೆಲಸ ಅಂತಿದ್ರು. ಏನು ಮಾಡ್ತಿದ್ರು ಅವರು?”

“ನೀವು ಕಂಪ್ಯೂಟರಲ್ಲಿ ಹಾಡು ಕೇಳ್ತಿರ್ತೀರಿ. ಅಷ್ಟರಲ್ಲಿ ಮಗನ ಕರೆ ಬರುತ್ತೆ, ಅತ್ಲಾಗೆ ಸಿನಿಮಾ ಓಡ್ತಿರುತ್ತೆ,” ಎಂದ ಗಡ್ಡ. “ಇವೆಲ್ಲ ಜಗಳ ಆಡದೆ, ಹಿಂದೆ ಬೀಳದೆ ಸ್ಪೀಕರಿಗೆ ಬರಬೇಕಲ್ಲ? ಒಳಗೆ ಯಾರಾದ್ರೂ ನಿಂತು ದಾರಿ ಬಿಡಬೇಕು. ಆ ಕೆಲಸ ಮಾಡೋ ತಂತ್ರಾಂಶಕ್ಕೆ ಸರ್ವರ್ ಅಂತೀವಿ, ಅದನ್ನ ಬರೆದವರು ಇವರೇ.”

“ಅಯ್ಯೋ, ಅದು ತಾನಾಗೇ ಬರುತ್ತೆ ಅಂದ್ಕೊಂಡಿದ್ದೆ.”

“ನೀವು ಹಾಗೆ ಅಂದ್ಕೊಳ್ಳಲಿ ಅಂತಾನೇ ಅಷ್ಟು ವರ್ಷ ಒದ್ದಾಡಿದ್ದು.”

* * *

ವರ್ಷಗಳ ಹಿಂದೆ, ಕಣ್ಣು ಕಾಣದ ಆ ಅಣ್ಣ ನಾಟಕಗಳಿಗೆ ಸಂಗೀತ ಕೂಡಿಸುತ್ತಿದ್ದರು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೇ ಅವರ ಕಣ್ಣು. ಆದರೆ ಸಂಗೀತದ ತಂತ್ರಾಂಶ ತೆರೆದೊಡನೆ ಅದು ಸ್ಪೀಕರನ್ನು ತಾನೊಂದೇ ಹಿಡಿದುಕೊಂಡು, ಓದುವ ದನಿಯ ಬಾಯಿ ಕಟ್ಟಿಬಿಡುತ್ತಿತ್ತು. ಎರಡನ್ನೂ ಬೆರೆಸಿ ಕೇಳಿಸುವ ಬೇರೆ ವ್ಯವಸ್ಥೆಯೇನೋ ಇತ್ತು. ಅದರಲ್ಲಿ ಸಂಗೀತದ ಕೀಬೋರ್ಡಿನ ಮನೆ ಒತ್ತಿದ ಮೇಲೆ ಸ್ವರ ಆಕಳಿಸಿಕೊಂಡು ತಡವಾಗಿ ಬರುತ್ತಿತ್ತು.

“ಕುರುಡನಾಗಿರ್ತೀಯೋ ಕಿವುಡನಾಗಿರ್ತೀಯೋ ಅಂತ ಕೇಳುತ್ತೆ ಕಣೇ ಈ ಯಂತ್ರ,” ಎಂದು ಒಂದು ಮಧ್ಯಾಹ್ನ ಅವರು ನಕ್ಕರು.

ತಂಗಿ ನಗಲಿಲ್ಲ. “ಎರಡಕ್ಕೂ ಸೇರಿ ಒಂದು ಮಾಡ್ತೀನಿ ಇರು.”

ಕಚೇರಿಯಲ್ಲಿ ಮೊದಲು ಅಡ್ಡ ಬಂದವನು ಗಡ್ಡನೇ. “ವೇಗ ಬೇಕಾದವರಿಗೆ ಅದಿದೆ, ಬೆರೆಸಬೇಕಾದವರಿಗೆ ಇದಿದೆ. ಮೂರನೇದು ಯಾಕೆ ತಲೆನೋವು?”

“ಮೂರನೇದಲ್ಲ. ಇನ್ಮೇಲೆ ಇದೊಂದೇ. ವಿಡಿಯೋನೂ ಇದರಲ್ಲೇ ಹೋಗುತ್ತೆ.”

ಮೊದಲ ಸಲ ಬರೆದದ್ದು ಬಾಣಲೆಯ ಎಣ್ಣೆಯಂತೆ ಚಟಪಟ ಎಂದಿತು. ಒಂದು ಸಾಲನ್ನೂ ಉಳಿಸದೆ ಅಳಿಸಿದಳು. ಎರಡನೆಯದನ್ನು ಗಡ್ಡ ಭೇಷ್ ಎಂದ. ನುಡಿಸುತ್ತಿದ್ದ ಅಣ್ಣನ ಹುಬ್ಬು ಗಂಟಿಕ್ಕಿದ್ದನ್ನು ನೋಡಿ ಅದನ್ನೂ ಕೈಬಿಟ್ಟಳು. “ಇವರ ಹಠಕ್ಕೆ ನಾವು ಮುದುಕರಾಗ್ತೀವಿ,” ಎಂದು ಗೊಣಗುತ್ತಲೇ ಗಡ್ಡ ಅವಳ ಪಕ್ಕದಲ್ಲಿ ಕೂತ, ಆಮೇಲೆ ಎದ್ದುಹೋಗಲಿಲ್ಲ.

ಕೊನೆಗೊಂದು ದಿನ ಅಣ್ಣ ನುಡಿಸತೊಡಗಿದರು. ಓದುವ ದನಿ ನಡುನಡುವೆ ಪರದೆಯ ಸಾಲುಗಳನ್ನು ಹೇಳುತ್ತಿತ್ತು.

“ಹೇಗಿದೆ?” ಎಂದಳು ತಂಗಿ.

ಅಣ್ಣನ ಬೆರಳುಗಳು ಮುಂದಿನ ಸ್ವರಕ್ಕೆ ಹೋದವು.

“ಅಣ್ಣಾ, ಹೇಗಿದೆ ಹೇಳೋ!”

ಅಣ್ಣನಿಗೆ ಅದು ಕೇಳಿಸಲೇ ಇಲ್ಲ. ನುಡಿಸುತ್ತಲೇ ಇದ್ದರು. ಗಡ್ಡ ಸೋತೆನೆಂಬಂತೆ ಎರಡೂ ಕೈ ಮೇಲೆತ್ತಿದ.

* * *

ಅಂತ್ಯಸಂಸ್ಕಾರ ಮುಗಿಸಿ ಮನೆಗೆ ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಮಗಳು ಅಮ್ಮನ ಕೋಣೆಯ ಕಿಟಕಿ ತೆರೆದಳು.

“ಅಮ್ಮನ ಕಂಪ್ಯೂಟರ್ ಆರಿಸಿಬಿಡ್ಲಾ, ಮಾವ?”

ಅವರು ಗಡ್ಡನ ಕಡೆ ಮುಖ ತಿರುಗಿಸಿದರು. “ಏನು ಬಾಕಿ ಇತ್ತು?”

“ವಿಡಿಯೋ ಕರೆ. ವೈರಿಲ್ಲದ ಇಯರ್‌ಫೋನ್ ಹಾಕ್ಕೊಂಡ್ರೆ ಮಾತು ತುಟಿಗಿಂತ ಹಿಂದೆ ಬೀಳುತ್ತೆ. ಆಸ್ಪತ್ರೇಲೂ ಅದನ್ನೇ ಹಿಡ್ಕೊಂಡು ಕೂತಿದ್ರು.”

“ನಿನ್ ಕೈಲಿ ಆಗುತ್ತಾ?”

“ಅವರಷ್ಟು ನಂಗೆ ಬರಲ್ಲ.”

“ನಾನು ಕೇಳಿದ್ದು ಅದಲ್ಲ.”

ಗಡ್ಡ ಕನ್ನಡಕ ತೆಗೆದು ಒರೆಸಿದ. “ಮಾಡ್ತೀನಿ.”

“ಸರಿ. ತುಟಿ ನೋಡೋದಕ್ಕೆ ಇವಳಿದಾಳೆ. ಕೇಳೋದಕ್ಕೆ ನಾನಿದೀನಿ.”

“ಇವತ್ತೇನಾ ಮಾವ?”

“ಇವತ್ತೇ.”

ಗಡ್ಡ ಅವಳಮ್ಮನ ಕುರ್ಚಿಯ ಮೇಲೆ ಕೂತ. ಗಿಡ್ಡ ಹೆಂಗಸಿಗೆ ಹೊಂದಿಸಿಟ್ಟ ಕುರ್ಚಿ. ಅವನ ಮೊಣಕಾಲುಗಳು ಎದೆಯ ಮಟ್ಟಕ್ಕೆ ಬಂದವು. ಅವನು ಕುರ್ಚಿಯ ಎತ್ತರವನ್ನು ಬದಲಿಸಲಿಲ್ಲ. ಹಾಗೇ ಮುದುಡಿ ಕೂತು ಕಂಪ್ಯೂಟರಿನತ್ತ ಕೈ ಚಾಚಿದ.

ಮಗಳು ಅವನನ್ನೇ ನೋಡುತ್ತ ನಿಂತಳು. ಆಮೇಲೆ ನೆಲಕ್ಕೆ ಮೊಣಕಾಲೂರಿ, ಕುರ್ಚಿಯಡಿ ಕೈ ಹಾಕಿ ಎತ್ತರ ಹೊಂದಿಸುವ ಹಿಡಿಯನ್ನು ಎಳೆದು ಹಿಡಿದಳು. “ಸ್ವಲ್ಪ ಏಳಿ,” ಎಂದಳು. ಅವನು ಅರ್ಧ ಎದ್ದ. ಕುರ್ಚಿ ಉಸ್ಸೆಂದು ಮೇಲೆ ಬಂತು.