ಮೊರದ ಬಾವುಟ

ಕೊನೆಯ ಪೆಟ್ಟಿಗೆಯೂ ಗಾಡಿ ಏರಿದ ಮೇಲೆ ಶೇವಂತೆವ್ವ ಬಂದು ಗಾಡಿಯ ಮುಂದೆ ನಿಂತಳು.

ಸಿಂದಗಿಯ ಮಾರುಕಟ್ಟೆ ಪ್ರಾಂಗಣದಲ್ಲಿದ್ದ ಹಮಾಲರ ಸಂಘದ ಕೋಣೆಯನ್ನು ಆ ವಾರವೇ ಕೆಡವಲಿದ್ದರು. ಅಲ್ಲಿದ್ದ ಕರಪತ್ರ, ಠರಾವು, ಛಾಯಾಚಿತ್ರಗಳನ್ನು ವಿಜಯಪುರದ ಕಾರ್ಮಿಕ ದಾಖಲೆ ಸಂಗ್ರಹಕ್ಕೆ ಒಯ್ಯಲು ಪ್ರಿಯದರ್ಶಿನಿ ಬಂದಿದ್ದಳು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಂಘಗಳ ದಾಖಲೆಗಳು ಆಗಲೇ ಸಂಗ್ರಹ ಸೇರಿದ್ದವು. ಸಂಗ್ರಹದ ಪರಿಚಯ ಪುಸ್ತಕ ಮರುದಿನ ಅಚ್ಚಿಗೆ ಹೋಗಬೇಕಿತ್ತು, ಸಿಂದಗಿಯದೊಂದೇ ಬಾಕಿ.

"ಎಲ್ಲಾ ತಗೊಂಡಿ. ನಮ್ಮ ಬಾವುಟಾ ತಗೊಂಡಿಯೇನವಾ?" ಎಂದಳು ಮುದುಕಿ.

"ಯಾವ ಬಾವುಟ, ಅಜ್ಜಿ?"

"ಹೆಣ್ಮಕ್ಕಳ ಬಾವುಟ. ಕಾಳು ಹಸನು ಮಾಡೋರ್ದು."

ಪ್ರಿಯದರ್ಶಿನಿ ಸಿದ್ದರಾಯನತ್ತ ನೋಡಿದಳು. ನಲವತ್ತು ವರ್ಷಗಳ ಹಿಂದೆ ಹಮಾಲರು ಹೂಡಿದ್ದ ದೊಡ್ಡ ಮುಷ್ಕರದಲ್ಲಿ ಸಂಘದ ಕಾರ್ಯದರ್ಶಿಯಾಗಿದ್ದವನು ಆತ. ಮುಷ್ಕರದಲ್ಲಿ ಮಹಿಳೆಯರಿದ್ದರೇ ಎಂದು ಬೆಳಿಗ್ಗೆಯಷ್ಟೇ ಕೇಳಿದ್ದಳು. 'ಇದ್ದರ್ರಿ, ಚಾ-ನೀರು ಕೊಡಾಕ' ಎಂದಿದ್ದ. ಅವಳು ಹಾಗೆಯೇ ಬರೆದುಕೊಂಡಿದ್ದಳು.

"ಬಾವುಟ ಎಲ್ಲಾ ಸುಟ್ಟು ಹೋಗ್ಯಾವರಿ," ಎಂದ ಸಿದ್ದರಾಯ. "ಪೊಲೀಸರು ಮನಿ ಹುಡುಕಾಕ ಬಂದಾಗ ನಾವ ಒಲಿಗೆ ಹಾಕಿದ್ವಿ."

"ನೀವು ಹಾಕಿದ್ರಿ, ಅಣ್ಣಾ. ನಾ ಕೌದಿಯೊಳಗ ಹೊಲ್ದೆ. ಬಂದ ಪೊಲೀಸರನ್ನ ಅದರ ಮ್ಯಾಲನ ಕೂಡ್ಸಿ ಚಾ ಕೊಟ್ಟೆ. ನೀ ಯಾವಾಗ್ಲೂ ಹೇಳೂ ಚಾ ಅದ ಇರಬೇಕು."

ಗಾಡಿಯ ಚಾಲಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಸಿದ್ದರಾಯ ನಗಲಿಲ್ಲ.

"ಈ ತಂಗಿ ಪುಸ್ತಕದಾಗ ಮಾತು ಬರೀಲಿಕ್ಕೆ ಬಂದಿಲ್ಲ, ಶೇವಂತಿ. ಪುರಾವೆ ಬೇಕು. ಎಲ್ಲೈತಿ ಆ ಕೌದಿ?"

"ಮೋರಟಗಿಯಾಗ. ನನ್ನ ಮಗಳ ಮನ್ಯಾಗ. ನಡೀರಿ, ನೀವೂ ಬರ್ರಿ."

ಮಾತಿನಲ್ಲಿ ಉಳಿದದ್ದು ಪುಸ್ತಕಕ್ಕೆ ಸಾಲದು. ಪುಸ್ತಕಕ್ಕೆ ಬಾರದ್ದನ್ನು ಮುಂದೆ ಯಾರೂ ಹುಡುಕುವುದಿಲ್ಲ. ಇದನ್ನು ಬಲ್ಲ ಪ್ರಿಯದರ್ಶಿನಿ ಗಾಡಿಯ ಬಾಗಿಲು ತೆರೆದಳು.

ಮೋರಟಗಿಯ ಮನೆಯ ಪಡಸಾಲೆಯಲ್ಲಿ ಕೌದಿ ಕಣ್ಣೆದುರೇ ಇತ್ತು. ಅದರ ಮೇಲೆ ಶೇವಂತೆವ್ವನ ಮಗಳು ಸುನೀತಾಳ ಮೊಮ್ಮಗು ಗಾಢ ನಿದ್ದೆಯಲ್ಲಿತ್ತು.

ತಾಯಿಯ ಬೇಡಿಕೆ ಕೇಳಿ ಸುನೀತಾ ಸೊಂಟದ ಮೇಲೆ ಕೈಯಿಟ್ಟಳು. "ಕೂಸು ಈಗ ಮಲಗೇತಿ. ಮತ್ತ ಅದು ನನ್ನ ಬಾಣಂತನಕ್ಕ ನೀ ಕೊಟ್ಟ ಕೌದಿ. ಬಿಚ್ಚಾಕ ನಾ ಬಿಡಂಗಿಲ್ಲ."

"ಕೊಟ್ಟಾಕಿ ನಾನ."

"ಕೊಟ್ಟ ಮ್ಯಾಲ ನಂದು!"

ಸಿದ್ದರಾಯ ಕಟ್ಟೆಯ ಮೇಲೆ ಕುಳಿತು ಗಂಟಲು ಸರಿಪಡಿಸಿಕೊಂಡ. "ಇಲ್ಲೇ ಮುಷ್ಕರ ಸುರು ಆತು ನೋಡ್ರಿ."

ಪ್ರಿಯದರ್ಶಿನಿ ಮಂಡಿಯೂರಿ ಕೌದಿಯ ಅಂಚನ್ನು ಮುಟ್ಟಿ ನೋಡಿದಳು. ಅವಳ ಮುಖ ಬಾಡಿತು. ಮೇಲೆ ಹೊಸ ಸೀರೆಯ ಪದರ, ಅದರ ಕೆಳಗೆ ಹಳೆಯ ಪದರಗಳು. ಹಳೆಯ ಹೊಲಿಗೆಗಳು ಬೆರಳಿನಷ್ಟು ಅಂತರವೂ ಇಲ್ಲದೆ ಎಲ್ಲ ಪದರಗಳನ್ನೂ ತೂರಿ ಸಾಗಿದ್ದವು. ಒಳಗೆ ಬಾವುಟವಿದ್ದರೂ ಇಷ್ಟು ವರ್ಷ ಸವೆದ ಅರಿವೆ ಅದು. ಬಿಡಿಸಲು ಹೋದರೆ ಪ್ರತಿ ಹೊಲಿಗೆಯ ಜೊತೆಗೂ ಹರಿದು ಬರುತ್ತದೆ.

"ಅಜ್ಜಿ, ಒಳಗಿನ ಬಾವುಟ ತೆಗೆಯಲಾಗದು. ತೆಗೆದರೆ ನಾವೇ ಅದನ್ನು ಹಾಳು ಮಾಡಿದಂತೆ."

ಶೇವಂತೆವ್ವ ಗೋಡೆಗೊರಗಿ ಕುಳಿತಳು. "ಹಂಗಾದ್ರ ಪುಸ್ತಕದಾಗ ಚಾ-ನೀರು ಅಂತನ ಇರ್ತೈತಿ?"

ಕೂಸು ಮಗ್ಗುಲಾಯಿತು.

"ಮ್ಯಾಲಿನ ಸೀರಿ ಯಾರು ಹಚ್ಚಿದ್ದು?" ಎಂದು ಮುದುಕಿ ಮಗಳನ್ನು ಕೇಳಿದಳು.

ಸುನೀತಾ ಸಿದ್ದರಾಯನತ್ತ ಒಮ್ಮೆ ನೋಡಿ, ತಾಯಿಯ ಬಳಿ ಸರಿದು ದನಿ ತಗ್ಗಿಸಿದಳು. "ನಾನ. ನನ್ನ ಮೊದಲ ಬಾಣಂತನ ಮುಗಿದ ಮ್ಯಾಲ ತೊಳದ್ನೆಲ್ಲ, ಆವಾಗ ದೊಡ್ಡ ಕೆಂಪು ಕಲಿ ಎದ್ದಿತ್ತು. ಎಷ್ಟು ತಿಕ್ಕಿದ್ರೂ ಹೋಗಲಿಲ್ಲ. ನಂದ ಕಲಿ ಅಂತ ನಾಚಿ ಸೀರಿ ಹಚ್ಚಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ."

ಪ್ರಿಯದರ್ಶಿನಿಯ ಕೈ ಅಂಚಿನಲ್ಲೇ ನಿಂತಿತು. "ಈ ಸೀರೆಯ ಹೊಲಿಗೆ ಕೆಳಗಿನವರೆಗೂ ಹೋಗಿದೆಯೇ?"

"ಇಲ್ರಿ. ಅವಸರದಾಗ ಹಚ್ಚಿದ್ದು. ಅಂಚಿಗಷ್ಟ ಹೊಲಿಗಿ."

"ಹಾಗಾದರೆ ಅದನ್ನೊಂದೇ ಬಿಚ್ಚಲು ಬಿಡುವಿರಾ? ಅದರ ಕೆಳಗಿನ ಒಂದು ಎಳೆಯನ್ನೂ ನಾನು ಮುಟ್ಟುವುದಿಲ್ಲ."

ಸುನೀತಾ ತಾಯಿಯನ್ನು ನೋಡಿದಳು. ಆ ಕಲೆಯನ್ನು ಮತ್ತೆ ಬೆಳಕಿಗೆ ತರುವುದು ಅವಳಿಗೆ ಸುಲಭವಿರಲಿಲ್ಲ. ಕಡೆಗೆ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ತಾನೇ ಕತ್ತರಿ ತಂದು ಕೊಟ್ಟಳು.

ಶೇವಂತೆವ್ವ ಒಂದೊಂದೇ ಹೊಲಿಗೆ ಬಿಡಿಸಿದಳು. ಮೂರು ಅಂಚು ಬಿಟ್ಟವು. ನಾಲ್ಕನೆಯದೂ ಬಿಟ್ಟ ಮೇಲೆ ಸೀರೆಯನ್ನು ಎಳೆದಳು.

ಕೆಳಗಿದ್ದುದು ಹಳೆಯ ಬಿಳಿ ಧೋತರದ ಪದರ. ಅದರ ತುಂಬ ಚೌಕಾಕಾರದ ನಸುಗೆಂಪು. ಒಳಗಿನ ಅಗ್ಗದ ಕೆಂಪು ಬಟ್ಟೆ ಮೊದಲ ತೊಳೆತದಲ್ಲೇ ಬಣ್ಣ ಬಿಟ್ಟಿತ್ತು. ಆದರೆ ನಡುವೆ ಒಂದು ಕಡೆ ಬಣ್ಣ ಏರಿರಲಿಲ್ಲ. ಅಲ್ಲಿ ಬಾವುಟಕ್ಕೆ ಇನ್ನೊಂದು ಬಿಳಿ ಬಟ್ಟೆ ಹಚ್ಚಿದ್ದರಿಂದ ಕೆಂಪು ಅದನ್ನು ದಾಟಿ ಬಂದಿರಲಿಲ್ಲ. ಒಂದು ತುದಿ ಅಗಲ, ಇನ್ನೊಂದು ತುದಿ ದುಂಡು. ಆ ಬಿಳಿಯ ಆಕಾರ ನೋಡಿದ ಯಾರಿಗಾದರೂ ಗುರುತು ಹತ್ತುವಂಥದ್ದು.

"ಮೊರ!" ಎಂದಳು ಸುನೀತಾ. "ಯವ್ವಾ, ಇದು ಮೊರ!"

ಸಿದ್ದರಾಯ ಕಟ್ಟೆಯಿಂದ ಎದ್ದು ಬಂದ. ಬಹಳ ಹೊತ್ತು ನೋಡಿದ. ಪ್ರಿಯದರ್ಶಿನಿ ಅವನ ಮುಖವನ್ನೇ ಗಮನಿಸುತ್ತಿದ್ದಳು. ಆತ ಈಗಲೂ ಇಲ್ಲವೆನ್ನಬಹುದಿತ್ತು.

"ಮೆರವಣಿಗಿ ದಿನ ಇದನ್ನ ತಗೊಂಡು ಬಂದಿದ್ರು," ಎಂದ ಆತ ನಿಧಾನವಾಗಿ. "ಕೆಂಪು ಬಾವುಟದ ಮ್ಯಾಲ ಮೊರ ಇರ್ತೈತೇನು, ಜನ ನಗ್ತಾರ ಅಂತ ಹಿಂದ ನಿಂದ್ರಿಸಿದೆ. ಅಷ್ಟೂ ಹೆಣ್ಮಕ್ಕಳು ಕೆಲಸಾ ಬಿಟ್ಟು ಬಂದಿದ್ರು. ಬರ್ಕೋ ತಂಗಿ. ಚಾ-ನೀರು ಅಂದದ್ದು ಹೊಡದ ಹಾಕು."

ಪ್ರಿಯದರ್ಶಿನಿ ಆ ಸಾಲನ್ನು ಹೊಡೆದುಹಾಕಿದಳು. ಅದರ ಕೆಳಗೆ ಬರೆದಳು: ಕಾಳು ಹಸನು ಮಾಡುವ ಮಹಿಳೆಯರ ಬಾವುಟ, ಕೌದಿಯೊಳಗೆ. ಬಿಚ್ಚಕೂಡದು.

"ಕೌದಿ ಒಯ್ತೀರೇನ್ರಿ?" ಎಂದು ಕೇಳಿದ ಸುನೀತಾ ಉತ್ತರಕ್ಕೆ ಕಾಯಲಿಲ್ಲ. ಬಿಚ್ಚಿದ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ನೆಲಕ್ಕೆ ಹಾಸಿ, ಕೂಸನ್ನು ಅದರ ಮೇಲೆ ಮಲಗಿಸಿದಳು.

ಅಂಗಳದಲ್ಲಿ ಬಿಸಿಲಿನ್ನೂ ಇತ್ತು. ಛಾಯಾಚಿತ್ರಕ್ಕೆ ಕೌದಿಯನ್ನು ನೆಟ್ಟಗೆ ಹಿಡಿಯಬೇಕಿತ್ತು. ಒಂದು ತುದಿ ಸುನೀತಾ ಹಿಡಿದಳು. ಇನ್ನೊಂದು ತುದಿಗೆ ಚಾಲಕ ಕೈ ಚಾಚಿದ.

"ನೀ ಬ್ಯಾಡ ತಮ್ಮಾ," ಎಂದಳು ಶೇವಂತೆವ್ವ. "ಸಿದ್ದರಾಯಣ್ಣಾ, ನೀ ಹಿಡಿ."

ಆತ ಹಿಡಿದ. ನೂರು ಕಿಲೋ ಚೀಲ ಹೊತ್ತ ತೋಳು ಕೌದಿಯನ್ನು ಎದೆಯ ಮಟ್ಟಕ್ಕೆ ಎತ್ತಿತು.

"ಮ್ಯಾಲ," ಎಂದಳು ಮುದುಕಿ. "ಇನ್ನೂ ಸ್ವಲ್ಪ ಮ್ಯಾಲ ಹಿಡಿ."