ಸುತ್ತಿಗೆ ತಲೆಯ ಶಾರ್ಕಿನ ಎಣ್ಣೆ

೧೯೪೩ನೇ ಇಸವಿ ಡಿಸೆಂಬರ್ ೫, ಭಾನುವಾರ, ಸಂಜೆ ಏಳು ಗಂಟೆ ಹತ್ತು ನಿಮಿಷ. ಯುದ್ಧಕ್ಕಾಗಿ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರಿಂದ, ಸೂರ್ಯ ಮುಳುಗಿ ಆಗಿನ್ನೂ ಕಾಲು ಗಂಟೆಯಾಗಿತ್ತಷ್ಟೆ. ಬೆಂಗಳೂರಿನ ಮರ್ಫಿ ಟೌನಿನಲ್ಲಿ ಅಕ್ಕ ಮುನಿವೆಂಕಟಮ್ಮನ ಮನೆಯ ಜಗುಲಿಯ ಮೇಲೆ ನಾನು ಕೂತಿದ್ದೆ. ಅವಳ ಮಗಳು ಶಾಂತಕುಮಾರಿ, ನಾಲ್ಕು ವರ್ಷದವಳು, ನನ್ನ ಕೈಯಲ್ಲಿದ್ದ ಬಾಳೆಹಣ್ಣನ್ನು ತೆಗೆದುಕೊಳ್ಳಲು ಬಂದು ಒಂದು ಗೇಣು ಆಚೆ ಗಾಳಿಯನ್ನು ಹಿಡಿದಳು. ಇನ್ನೊಮ್ಮೆಯೂ ಗಾಳಿಯನ್ನೇ ಹಿಡಿದಳು.

"ಸಂಜೆ ಆದ್ರೆ ಸಾಕು, ಹಿಂಗೇ ಆಟ ಕಟ್ತಾಳೆ ಕಣೋ" ಎಂದು ಅಕ್ಕ ನಕ್ಕಳು. "ನಿನ್ನೆ ಒರಳುಕಲ್ಲಿಗೇ ಎಡವಿದ್ಲು ಮಹಾರಾಯ್ತಿ."

ಲಾಂದ್ರ ತರಿಸಿ ಮಗುವಿನ ಕಣ್ಣು ನೋಡಿದೆ. ಬಿಳಿಯ ಭಾಗದಲ್ಲಿ, ಕಿವಿಯ ಕಡೆಗೆ, ಸೋಪಿನ ನೊರೆ ಒಣಗಿದಂಥ ಒಂದು ಚುಕ್ಕೆ ಇತ್ತು. ಇರುಳುಗುರುಡು. ಮೊದಲು ಕತ್ತಲಲ್ಲಿ ಕಾಣುವುದಿಲ್ಲ. ಆಮೇಲೆ ಕಣ್ಣು ಒಣಗುತ್ತದೆ. ಆಮೇಲೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಕಾರಣ ನನಗೆ ಗೊತ್ತಿತ್ತು. ಬೇಸಿಗೆಯಿಂದ ಆ ಮನೆಗೆ ಹಾಲು ಬಂದಿರಲಿಲ್ಲ. ಭಾವ ಮುನಿಶಾಮಿ ಸೈನ್ಯದ ಕೂಲಿ ಪಡೆಯಲ್ಲಿ ಅಸ್ಸಾಮಿಗೆ ಹೋಗಿದ್ದರು. ಮಗುವಿಗೆ ದಡಾರ ಬಂದು ಹೋಗಿ, ಭೇದಿ ಹಿಡಿದಿತ್ತು.

ಮದ್ದು ಕೂಡ ನನಗೆ ಗೊತ್ತಿತ್ತು, ಏಕೆಂದರೆ ಅದು ನನ್ನ ಕೆಲಸವಾಗಿತ್ತು. ಯುದ್ಧದಿಂದಾಗಿ ಹೊರದೇಶದ ಕಾಡ್ ಮೀನಿನ ಎಣ್ಣೆ ನಿಂತುಹೋದ ಮೇಲೆ, ಅದರ ಬದಲು ಪಡುವಣ ಕರಾವಳಿಯ ಶಾರ್ಕಿನ ಯಕೃತ್ತಿನಿಂದ ಎಣ್ಣೆ ತೆಗೆಯುತ್ತಿದ್ದರು. ಬಿ.ಎಸ್‌ಸಿ. ಮುಗಿಸಿದ್ದ ನನಗೆ ದಂಡು ಪ್ರದೇಶದ ಒಂದು ಪರೀಕ್ಷಾಶಾಲೆಯಲ್ಲಿ ಆ ಎಣ್ಣೆಯ ಎ ಜೀವಸತ್ವವನ್ನು ಅಳೆಯುವ ಕೆಲಸ ಸಿಕ್ಕಿತ್ತು. ಎಣ್ಣೆಯ ಒಂದು ಹನಿಗೆ ಆಂಟಿಮನಿಯ ದ್ರಾವಣ ಹಾಕಿದರೆ ನೀಲಿ ಬಣ್ಣ ಏಳುತ್ತದೆ. ಐದಾರು ಸೆಕೆಂಡಿನೊಳಗೆ ಆ ನೀಲಿಯನ್ನು ಗಾಜಿನ ಬಿಲ್ಲೆಗಳೊಡನೆ ಹೋಲಿಸಿ ಓದಬೇಕು, ಇಲ್ಲದಿದ್ದರೆ ಅದು ಮಾಸುತ್ತದೆ. ಶಾರ್ಕುಗಳೆಲ್ಲ ಒಂದೇ ಅಲ್ಲ. ಕೆಲವುಗಳ ಎಣ್ಣೆ ಬರಿಯ ಎಣ್ಣೆ. ಸುತ್ತಿಗೆಯಂಥ ತಲೆಯ ಶಾರ್ಕಿನದು ಬಹಳ ಸತ್ವದ್ದು.

ಉಗ್ರಾಣದ ಜಿಯಾವುಲ್ಲಾ ಶಿವಾಜಿನಗರದವರು. ನನ್ನ ಅಂಗಿಯ ವಾಸನೆಗೆ ಅವರ ಬೀದಿಯ ಬೆಕ್ಕುಗಳೆಲ್ಲ ನನ್ನ ಹಿಂದೆ ಜುಲೂಸು ಬರುತ್ತವೆ ಎಂದು ತಮಾಷೆ ಮಾಡುತ್ತಿದ್ದರು. ಸಮುದ್ರವನ್ನೇ ನೋಡದವನು ಸಮುದ್ರದ ಕಲೇಜಿಗೆ, ಅಂದರೆ ಯಕೃತ್ತಿಗೆ, ಮಾರ್ಕು ಹಾಕುತ್ತಾನೆ ಎನ್ನುವುದು ಅವರ ಇನ್ನೊಂದು ಮಾತು. ಸೋಮವಾರ ಅವರನ್ನು ಕೇಳಿ, ಪರೀಕ್ಷೆ ಮುಗಿದು ಉಳಿದಿದ್ದ ಸುತ್ತಿಗೆ ತಲೆಯ ಶಾರ್ಕಿನ ಎಣ್ಣೆಯನ್ನು ತೆಗೆದುಕೊಂಡೆ. ಅದನ್ನು ಅಳೆದವನು ನಾನೇ: ಒಂದು ಗ್ರಾಂಗೆ ಹನ್ನೆರಡು ಸಾವಿರ ಘಟಕ. ಕಂದು ಗಾಜಿನ ಸೀಸೆಗಳೆಲ್ಲ ಸೈನ್ಯದ ಲೆಕ್ಕಕ್ಕೆ ಸೇರಿದ್ದವು. ಅಕ್ಕ ತೊಳೆದು ಕೊಟ್ಟಿದ್ದ ಬಿಳಿ ಗಾಜಿನ ಚಪ್ಪಟೆ ಸೀಸೆಗೆ ಅರ್ಧದಷ್ಟು ಸುರಿದೆ.

ಆ ಸಂಜೆ ಅಕ್ಕನಿಗೆ ಎರಡು ಮಾತು ಹೇಳಿದೆ. ಭೇದಿ ನಿಲ್ಲುವ ತನಕ ಕೊಡಬೇಡ, ಎಣ್ಣೆ ಮೈಗೆ ಹತ್ತುವುದಿಲ್ಲ. ನಿಂತ ಮೇಲೆ ದಿನಕ್ಕೆ ಅರ್ಧ ಚಮಚ. ಇವತ್ತಿನ ವೈದ್ಯರು ಕಾಯಬೇಡವೆನ್ನುತ್ತಾರೋ ಏನೋ. ನಾನು ವೈದ್ಯನಲ್ಲ, ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. ಮೂರನೆಯ ಮಾತೊಂದಿತ್ತು. ಪರೀಕ್ಷಾಶಾಲೆಯಲ್ಲಿ ಈ ಎಣ್ಣೆಯನ್ನು ಕಪ್ಪು ಕಾಗದ ಸುತ್ತಿ, ಬೀರುವಿನ ಕತ್ತಲಲ್ಲಿ ಇಡುತ್ತೇವೆ. ದಿನವೂ ಮಾಡುವ ಕೆಲಸವಾದ್ದರಿಂದ, ಅದು ಯಾರಿಗಾದರೂ ಹೇಳಬೇಕಾದ ಮಾತು ಎಂದು ನನಗೆ ಹೊಳೆಯಲೇ ಇಲ್ಲ.

ಮಂಗಳವಾರ ಬೆಳಿಗ್ಗೆ ನನ್ನನ್ನು ಎಣ್ಣೆ ತೆಗೆಯುವ ಕಡೆಗೇ, ಕಲ್ಲಿಕೋಟೆಗೆ, ಕಳಿಸಿದರು. ಎಂಟು ದಿನವೆಂದದ್ದು ಇಪ್ಪತ್ತಮೂರಾಯಿತು. ಅಲ್ಲಿ ಮೊದಲ ಸಲ ಸಮುದ್ರ ನೋಡಿದೆ. ದೋಣಿಯಿಂದ ಇಳಿಸಿದ ಶಾರ್ಕನ್ನೂ ನೋಡಿದೆ. ಹೊಟ್ಟೆ ಸೀಳಿದರೆ ಎರಡು ಬೂದು ಹಾಳೆಗಳಂತೆ ಯಕೃತ್ತು ಒಡಲ ತುಂಬ ಮಲಗಿರುತ್ತದೆ. ಬೇರೆ ಮೀನುಗಳಿಗೆ ತೇಲಲು ಗಾಳಿಚೀಲವಿದೆ, ಶಾರ್ಕಿಗೆ ಇಲ್ಲ. ನೀರಿಗಿಂತ ಹಗುರಾದ ಈ ಎಣ್ಣೆಯೇ ಅದನ್ನು ಮುಳುಗದಂತೆ ಹಿಡಿಯುತ್ತದೆ. ಅದರ ಕಣ್ಣನ್ನು ಬಿಡಿಸಿ ನೋಡಿದೆ. ಹಿಂಭಾಗದಲ್ಲಿ ಬೆಳ್ಳಿಯಂಥ ಪದರವಿದೆ. ಒಮ್ಮೆ ಒಳಬಂದ ಬೆಳಕನ್ನು ಅದು ಮತ್ತೆ ತಿರುಗಿಸಿ ಕಣ್ಣಿಗೇ ಕೊಡುತ್ತದೆ. ಕತ್ತಲ ನೀರಿನಲ್ಲಿ ಸಿಕ್ಕುವ ಚೂರು ಬೆಳಕೂ ಪೋಲಾಗುವುದಿಲ್ಲ. ಮರಳಿನ ಮೇಲೆ ಕೂತು ಶಾಂತಕುಮಾರಿಯನ್ನು ನೆನೆದು, ಎಣ್ಣೆ ಕೊಡುತ್ತಿದ್ದೀಯಾ ಎಂದು ಕಾರ್ಡು ಬರೆದೆ. ಅಕ್ಕನ ಪರವಾಗಿ ಪಕ್ಕದ ಮನೆಯವರು ಬರೆದ ಉತ್ತರ ಬಂತು: ಭೇದಿ ನಿಂತಿದೆ, ಹದಿನೆಂಟನೇ ತಾರೀಕಿನಿಂದ ಕೊಡುತ್ತಿದ್ದೇನೆ, ಎಣ್ಣೆಯನ್ನು ಬಹಳ ಜೋಪಾನ ಮಾಡುತ್ತಿದ್ದೇನೆ. ನನಗೆ ಸಮಾಧಾನವಾಯಿತು.

ಡಿಸೆಂಬರ್ ೩೦ರ ಬೆಳಿಗ್ಗೆ ದಂಡು ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ಹಲಸೂರಿನ ನನ್ನ ಕೋಣೆಗೂ ಹೋಗದೆ ಮರ್ಫಿ ಟೌನಿಗೆ ನಡೆದೆ. ಹೊಸ್ತಿಲ ಮೇಲೆ ಮಗು ಕೂತಿತ್ತು. ಎರಡೂ ಕಣ್ಣಿಗೆ ಬಟ್ಟೆ ಕಟ್ಟಿತ್ತು. ನಾನು ಮಾತಾಡುವ ಮುಂಚೆಯೇ ಅವಳು ಮೂಗೆತ್ತಿದಳು.

"ಅಮ್ಮಾ, ಮಾವ ಬಂತು. ಮೀನ್ ವಾಸ್ನೆ."

ಅಕ್ಕ ಒಳಗಿನಿಂದ ಬಂದು ನಡೆದುದನ್ನೆಲ್ಲ ಹೇಳಿದಳು. ಸೋಮವಾರ ಎದ್ದಾಗ ಮಗುವಿನ ಕಣ್ಣು ಬೇಯಿಸಿದ ಮೊಟ್ಟೆಯಂತೆ ಬೆಳ್ಳಗಾಗಿತ್ತು. ಸೊಂಟದ ಮೇಲೆ ಹೊತ್ತುಕೊಂಡು ಕಣ್ಣಿನ ಆಸ್ಪತ್ರೆಗೆ ಓಡಿದ್ದಾಳೆ. ಅಲ್ಲಿನ ಡಾಕ್ಟರಮ್ಮ ಇನ್ನೇನೂ ಉಳಿದಿಲ್ಲವೆಂದರು. ಬಲಗಣ್ಣು ಒಡೆದಿದೆ, ಎಡಗಣ್ಣಿಗೆ ಬೆಳಕು ಯಾವುದು ಕತ್ತಲು ಯಾವುದು ಎಂಬಷ್ಟು ಗೊತ್ತಾಗಬಹುದು, ಅಷ್ಟೆ. ಯಾಕಮ್ಮ ಮುಂಚೆ ಏನೂ ಕೊಡಲಿಲ್ಲ ಎಂದೂ ಬೈದರಂತೆ. ಕೊಟ್ಟೆ, ನನ್ನ ತಮ್ಮ ಕೊಟ್ಟ ಎಣ್ಣೆಯನ್ನೇ ಕೊಟ್ಟೆ ಎಂದು ಅಕ್ಕ ಜಗಳವಾಡಿ ಬಂದಿದ್ದಳು.

ಸೀಸೆ ಎಲ್ಲಿ ಎಂದು ಕೇಳಿದೆ. ಅಕ್ಕ ಅಂಗಳಕ್ಕೆ ಹೋಗಿ, ಗೋಡೆಯ ಮೇಲೆ ಬಿಸಿಲಲ್ಲಿದ್ದ ಎರಡು ಸೀಸೆಗಳಲ್ಲಿ ಒಂದನ್ನು ತಂದಳು. ಇನ್ನೊಂದರಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಇತ್ತು.

"ನೀನು ಕೊಟ್ಟ ಮಾರನೇ ದಿನಾನೇ ಚಳೀಗೆ ತಳದಲ್ಲಿ ಗಟ್ಟಿ ಕಟ್ಕೊಂಡಿತ್ತು" ಎಂದಳು. "ಕೆಟ್ಟೋಗುತ್ತೇನೋ ಅಂತ ದಿನಾ ಬೆಳಗ್ಗೆ ಬಿಸಿಲಿಗಿಟ್ಟು, ಸಂಜೆ ಒಳಗ್ ತರ್ತಿದ್ದೆ. ಒಂದಿನಾನೂ ತಪ್ಪಿಸಿಲ್ಲ."

ಸೀಸೆ ಕೈಗೆ ಬೆಚ್ಚಗಿತ್ತು. ಹಳದಿಯಾಗಿದ್ದ ಎಣ್ಣೆ ನೀರಿನಂತೆ ತೆಳ್ಳಗೆ ಬೆಳ್ಳಗಾಗಿತ್ತು. ಬೆಂಗಳೂರಿನ ಚಳಿಗೆ ಎಣ್ಣೆ ಹೆಪ್ಪುಗಟ್ಟಿದರೆ ಇಲ್ಲಿಯ ಯಾವ ಹೆಂಗಸಾದರೂ ಅದನ್ನೇ ಮಾಡುತ್ತಾಳೆ. ನನ್ನ ತಾಯಿಯೂ ಮಾಡುತ್ತಿದ್ದಳು. ಸುಮ್ಮನಿರಬಹುದಿತ್ತು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಯಾಕೋ, ಇಡಬಾರದಿತ್ತಾ?"

"ತಪ್ಪು ನಂದು ಅಕ್ಕ. ಬಿಸಿಲಿಗೆ ಇದರ ಸತ್ವ ಹೋಗುತ್ತೆ. ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ."

ಮಗು ಬಾಳೆಹಣ್ಣು ತಂದಿದ್ದೀಯಾ ಎಂದು ಕೇಳುತ್ತಿತ್ತು.

"ನೀನು ಹೇಳ್ಲಿಲ್ಲ, ಸರಿ" ಎಂದಳು ಅಕ್ಕ. "ಇಟ್ಟ ಕೈ ನಂದೇ ಅಲ್ವೇನೋ."

ಅದಕ್ಕೆ ನಾನು ಒಂದು ಸುಳ್ಳು ಹೇಳಿದೆ, ಅಥವಾ ಆಗ ಅದು ಸುಳ್ಳೆಂದು ಗೊತ್ತಿರಲಿಲ್ಲ ಎಂದು ನನ್ನನ್ನೇ ನಂಬಿಸಿಕೊಂಡೆ. ಸತ್ವ ಪೂರ್ತಿ ಹೋಗಿರಲಿಕ್ಕಿಲ್ಲ, ಕೊಡಲು ಶುರುಮಾಡುವ ಹೊತ್ತಿಗೇ ಕಣ್ಣು ಕೈಮೀರಿದ್ದಿರಬಹುದು, ಅಳೆದು ನೋಡಿ ಹೇಳುತ್ತೇನೆ ಎಂದೆ. ಅರ್ಧದಷ್ಟು ಉಳಿದಿದ್ದರೂ ಸಾಕು, ಅವಳ ಕೈಯದು ತಪ್ಪಿಲ್ಲವೆಂದು ನಿಜವಾಗಿಯೇ ಹೇಳಬಹುದು. ಕಾಲು ಭಾಗ ಉಳಿದಿದ್ದರೂ ಹೇಳಬಹುದು.

ಸೀಸೆಯನ್ನು ಕೋಟಿನೊಳಗೆ ಮುಚ್ಚಿಟ್ಟುಕೊಂಡು ಹೊರಟೆ. ಇನ್ನು ಮುಚ್ಚಿ ಏನು ಪ್ರಯೋಜನವೆಂದು ಟ್ರಿನಿಟಿ ಚರ್ಚಿನ ಹತ್ತಿರ ಬಂದಾಗ ಹೊಳೆಯಿತು, ಆದರೂ ತೆಗೆಯಲಿಲ್ಲ. ಪರೀಕ್ಷಾಶಾಲೆಯಲ್ಲಿ ಜಿಯಾವುಲ್ಲಾ ಸಮುದ್ರ ಹೇಗಿತ್ತು ಎಂದು ಕೇಳುತ್ತಾ ಬಂದವರು, ನನ್ನನ್ನೂ ಸೀಸೆಯನ್ನೂ ನೋಡಿ, ಆಂಟಿಮನಿಯ ದ್ರಾವಣವನ್ನು ತಂದಿಟ್ಟು ಹೋದರು.

ಮೂರು ಸಲ ತೂಗಿದೆ, ಮೂರು ಸಲ ಅಳೆದೆ. ನೀಲಿ ಏಳಲಿ ಎಂದು ಕೊಳವೆಯನ್ನೇ ನೋಡುತ್ತಾ ನಿಂತಿದ್ದೆ; ಅಳೆಯುವವನು ಹೀಗೆ ಬಯಸಬಾರದು. ಮೊದಲ ಸಲ ಕಂಡ ಬಣ್ಣ ನೀಲಿಯೋ ನನ್ನ ಆಸೆಯೋ ಎಂದು ಅನುಮಾನವಾಗಿ, ಉಳಿದೆರಡು ಸಲ ತೆಗೆದುಕೊಂಡ ಎಣ್ಣೆಯನ್ನು ಹತ್ತರಷ್ಟು ಮಾಡಿದೆ. ಮೂರರ ಸರಾಸರಿಯನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡಿದೆ. ಹನ್ನೆರಡು ಸಾವಿರವಿದ್ದದ್ದು, ಒಂದು ಗ್ರಾಂಗೆ ತೊಂಬತ್ತು ಘಟಕ.