ಮೊದಲು ಬೂಟು, ಆಮೇಲೆ ಕಾರ್ಸೆಟ್ಟು

ಹಳೇ ಕಾಲದ ಉಡುಪು ತೊಡುವವರಿಗೆ ಒಂದು ನಿಯಮವಿದೆ: ಮೊದಲು ಬೂಟು, ಆಮೇಲೆ ಕಾರ್ಸೆಟ್ಟು. ಉಕ್ಕಿನ ಕಡ್ಡಿಗಳನ್ನು ಸೇರಿಸಿ ಹೊಲಿದ ಆ ಬಿಗಿ ಕುಪ್ಪಸದ ದಾರವನ್ನು ಬೆನ್ನ ಹಿಂದೆ ಎಳೆದು ಕಟ್ಟಿದ ಮೇಲೆ ಹೆಂಗಸು ನಿಲ್ಲಬಹುದು, ನಡೆಯಬಹುದು, ಬೇಕಾದರೆ ಕುಣಿಯಲೂಬಹುದು. ಬಗ್ಗಲು ಮಾತ್ರ ಆಗುವುದಿಲ್ಲ. ಓಮರು ಊರಿನಲ್ಲಿ ಆ ಉಡುಪು ತೊಟ್ಟೇ ಆಚರಿಸುವ ನವೆಂಬರ್ ಹಬ್ಬಕ್ಕೆ ಹೊಸದಾಗಿ ಸೇರಿದವರಿಗೆಲ್ಲ ವರ್ಷವರ್ಷವೂ ಈ ಪಾಠ ಹೇಳಿಕೊಡುತ್ತಿದ್ದವಳು ನೋಲಿನ್ ಟುಲಕ್. ಹಬ್ಬದ ಭಾನುವಾರ ಬೆಳಿಗ್ಗೆ ಆ ತಪ್ಪನ್ನು ಮಾಡಿದವಳೂ ಅವಳೇ.

ಬಾಟಲಿ ಹಸಿರು ರೇಷ್ಮೆಯ ಗೌನು ತೊಟ್ಟು, ಸೊಂಟದ ಹಿಂದೆ ಮೆತ್ತೆ ಕಟ್ಟಿ, ಕತ್ತಿನವರೆಗೂ ಕೊಂಡಿಗಳನ್ನೆಲ್ಲ ಹಾಕಿಸಿಕೊಂಡು ಕನ್ನಡಿಯ ಮುಂದೆ ನಿಂತಾಗ, ಲಂಗದ ಅಂಚಿನ ಕೆಳಗೆ ಕುರಿಯುಣ್ಣೆಯ ಮನೆಚಪ್ಪಲಿಗಳು ಇಣುಕುತ್ತಿದ್ದವು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ," ಎಂದು ತಂಗಿ ಬೆವ್ ನಗತೊಡಗಿದಳು. ಅವಳೂ ಬಿಗಿಸಿಕೊಂಡಿದ್ದಳಾದ್ದರಿಂದ ನಗುವಿಗೆ ಉಸಿರು ಸಾಲದೆ ಬಿಕ್ಕಳಿಕೆಯಂತೆ ಕೇಳಿಸಿತು.

"ನಗಬೇಡ್ವೇ. ನೀನೇ ಒಂಚೂರು ಬಗ್ಗಿ ಹಾಕು."

"ನಾನಾ? ನಾನು ಬಗ್ಗಿದ್ರೆ ಇಬ್ಬರನ್ನೂ ಎತ್ತೋಕೆ ಫೈರ್ ಎಂಜಿನ್ನೇ ಬರ್ಬೇಕು."

"ಹಾಗಾದ್ರೆ ಬಿಚ್ಚು."

"ಬಿಚ್ಚಿ ಮತ್ತೆ ಕಟ್ಟೋಷ್ಟರಲ್ಲಿ ಮೆರವಣಿಗೆ ಮುಗ್ದು ಚೀಸ್ ರೋಲೂ ಖಾಲಿ ಆಗಿರುತ್ತೆ. ಈ ಬೀದೀಲಿ ಕಾರ್ಸೆಟ್ಟಿಲ್ಲದ ಮನುಷ್ಯ ಒಬ್ಬ ಇದಾನಲ್ಲ, ಹೋಗು ಅವನ ಹತ್ರ."

"ಯಾರು?"

"ಯಾರಂತೆ! ಶನಿವಾರ ಬಂದ್ರೆ ಯಾರ ಅಂಗಡೀಲಿ ಬೇರು ಬಿಟ್ಟು ಕೂತಿರ್ತೀಯೋ, ಅವನು. ನೋಡು ನೋಲಿ, ಈ ಊರಿನ ಅರ್ಧ ಜನ ಚಿಕ್ಕವರಿದ್ದಾಗ ನಿನ್ನ ಮುಂದೆ ಬಾಯಿ ಬಿಟ್ಟವರೇ. ನೀನು ಮಾತ್ರ ಇಷ್ಟು ವರ್ಷ ಆದ್ರೂ ಬಾಯಿ ಬಿಡೋದು ಕಲೀಲಿಲ್ಲ."

ನೋಲಿನ್ ಶಾಲೆಯ ಹಲ್ಲಿನ ನರ್ಸ್ ಆಗಿದ್ದು ನಿವೃತ್ತಳಾದವಳು. ತಂಗಿಯ ಮಾತು ನಿಜವಾಗಿತ್ತು.

ಬಂದರಿನ ಪಕ್ಕದ ಬಿಳಿಕಲ್ಲಿನ ಬೀದಿಯಲ್ಲಿ ಫರ್ಗಸ್ ಮಿಲ್ನ್‌ನ ಹಳೇ ಪುಸ್ತಕದ ಅಂಗಡಿ ಇತ್ತು. ಗಂಡ ತೀರಿಕೊಂಡ ಮಾರನೆಯ ವರ್ಷ ನೋಲಿನ್ ಅಲ್ಲಿಗೆ ಹೋದದ್ದು ಒಂದು ಹಳೆಯ ಹೊಲಿಗೆ ಪುಸ್ತಕ ಹುಡುಕಿಕೊಂಡು. ಅದು ಸಿಗಲಿಲ್ಲ. "ಹೊಲಿಗೆ ಬೇಕಾದ್ರೆ ಕಾದಂಬರಿ ಓದಿ. ನಾಯಕಿ ಬಾಗಿಲು ದಾಟೋ ಮುಂಚೆ ಅವಳ ತೋಳಿನ ಅಂಚಿಗೇ ಒಂದು ಪುಟ ಬರೆದಿರ್ತಾರೆ," ಎಂದು ಫರ್ಗಸ್ ಒಂದು ಮೂರು ಸಂಪುಟದ ಕಾದಂಬರಿಯ ಮೊದಲ ಸಂಪುಟ ಇಳಿಸಿಕೊಟ್ಟ. ಅಕ್ಷರ ಸಣ್ಣದಿತ್ತು, ಅವಳ ಕನ್ನಡಕ ಮನೆಯಲ್ಲಿತ್ತು. ಅವನೇ ಒಂದು ಅಧ್ಯಾಯ ಓದಿ ಹೇಳಿದ. ಮುಂದಿನ ಶನಿವಾರ ಅವಳು ಕನ್ನಡಕ ತಂದಳು, ಆದರೆ ಚೀಲದಿಂದ ಹೊರಗೆ ತೆಗೆಯಲಿಲ್ಲ. ಅಲ್ಲಿಂದ ಪ್ರತಿ ಶನಿವಾರ ಅವನು ಓದುತ್ತಿದ್ದ, ಅವಳು ಕಿಟಕಿಯ ಬಳಿ ಹೊಲಿಯುತ್ತ ಕೂರುತ್ತಿದ್ದಳು. ಬಾಟಲಿ ಹಸಿರು ಗೌನು ಹುಟ್ಟಿದ್ದೇ ಹಾಗೆ. ಎರಡನೆಯ ಸಂಪುಟದಲ್ಲಿ ನಾಯಕಿ ಆಗಸ್ಟಾ ತೊಟ್ಟದ್ದು ಅಂಥದ್ದೇ. ಇಷ್ಟು ನೆರಿಗೆ ಹೊತ್ತವಳು ಕುದುರೆಗಾಡಿಯ ಬಾಗಿಲಲ್ಲಿ ತೂರಲು ಸಾಧ್ಯವೇ ಇಲ್ಲ ಎಂದು ಅವನು, ತೂರುತ್ತಾಳೆ ಎಂದು ಅವಳು, ಒಂದು ಇಡೀ ಚಳಿಗಾಲ ಜಗಳವಾಡಿದ್ದರು.

ಆಗಸ್ಟಾ ಬಂದರಿಗೆ ಓಡುತ್ತಾಳೆ, ಹಡಗು ಲಂಗರು ಎತ್ತುತ್ತಿದೆ, ಹಡಗಿನ ವೈದ್ಯನಿಗೆ ಅವಳಿನ್ನೂ ಮನಸ್ಸಿನ ಮಾತು ಹೇಳಿಲ್ಲ. ಅಲ್ಲಿಗೆ ಎರಡನೆಯ ಸಂಪುಟ ಮುಗಿಯಿತು. ಮೂರನೆಯದು ಎಲ್ಲೂ ಇರಲಿಲ್ಲ. ಫರ್ಗಸ್ ಗೊತ್ತಿದ್ದ ವ್ಯಾಪಾರಿಗಳನ್ನೆಲ್ಲ ಕೇಳಿದ. ಶನಿವಾರ ಬೇರೇನೋ ಓದುವ ಮೊದಲು ನೋಲಿನ್ "ಬಂತಾ?" ಎನ್ನುವುದು, ಅವನು "ಇನ್ನೂ ಇಲ್ಲ" ಎನ್ನುವುದು ಒಂದು ಪದ್ಧತಿಯೇ ಆಗಿಹೋಯಿತು.

ಕಳೆದ ವರ್ಷ ಟಿಮಾರು ಊರಿನ ಚರ್ಚಿನ ಹಳೇ ಸಾಮಾನಿನ ಮಾರಾಟದಲ್ಲಿ, ಅಡುಗೆ ಪುಸ್ತಕಗಳ ರಾಶಿಯ ಕೆಳಗೆ, ಆ ಮೂರನೆಯ ಸಂಪುಟ ನೋಲಿನ್ ಕೈಗೆ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಕುಣಿದು ಕುಪ್ಪಳಿಸಿ ಅಂಗಡಿಗೆ ಓಡುತ್ತಿದ್ದರು. ಇವಳು ಮನೆಗೆ ತಂದು ಹೊದಿಕೆಗಳ ನಡುವೆ ಬಚ್ಚಿಟ್ಟಳು. ಕಥೆ ಮುಗಿದರೆ "ಬಂತಾ?" ಎಂದು ಕೇಳುವುದೆಲ್ಲಿ? ಮುಂದಿನ ಶನಿವಾರ ಹೋಗಿ ಅವನ ಮುಖ ನೋಡಿಕೊಂಡೇ "ಬಂತಾ?" ಎಂದಳು. ಆಮೇಲೂ ಹಾಗೇ ಕೇಳುತ್ತ ಬಂದಳು. ಒಳ್ಳೆಯ ಹೆಂಗಸೇ, ಆದರೆ ಈ ವಿಷಯದಲ್ಲಿ ಹಸಿ ಸುಳ್ಳುಗಾತಿ.

ಈಗ ಅಂಗಡಿಯ ಗಾಜಿಗೆ "ಮುಚ್ಚುತ್ತಿದ್ದೇವೆ" ಎಂಬ ರಟ್ಟು ಅಂಟಿತ್ತು. ನೆಲ್ಸನ್ ಊರಿನಲ್ಲಿದ್ದ ಫರ್ಗಸ್‌ನ ಅಕ್ಕ ಬಿಸಿಲಿನ ಆಸೆ ತೋರಿಸಿ ಕರೆಯುತ್ತಿದ್ದಳು. ಹಬ್ಬ ಮುಗಿದ ಮೇಲೆ ಅವನು ಹೊರಡುವುದೆಂದು ಗೊತ್ತಾಗಿತ್ತು. ಅವನು ಹೋಗಬಾರದು ಎಂದು ನೋಲಿನ್‌ಗೆ ಬಲವಾಗಿ ಅನಿಸುತ್ತಿತ್ತು. ಆದರೂ ಪುಸ್ತಕ ಕೊಟ್ಟು ಒಂದು ಒಳ್ಳೆಯ ಮಾತು ಹೇಳಿ ಕಳಿಸಿಬಿಡೋಣ ಎಂದುಕೊಂಡಿದ್ದಳು. ಆ ಕಾಲದ ಲಂಗಗಳಿಗೆ ಒಳಗಿನಿಂದ ಸೊಂಟಕ್ಕೆ ಕಟ್ಟುವ ದೊಡ್ಡ ಜೇಬಿರುತ್ತದೆ. ಪುಸ್ತಕ ಅದರಲ್ಲೇ ತೂಗುತ್ತಿತ್ತು. ಮನಸ್ಸೆಲ್ಲ ಆ ಜೇಬಿನಲ್ಲಿದ್ದಾಗ ಬೂಟು ಯಾರಿಗೆ ನೆನಪಾಗುತ್ತದೆ?

ಬೂಟುಗಳನ್ನೂ ಗುಂಡಿ ಎಳೆಯುವ ಪುಟ್ಟ ಕೊಕ್ಕೆಯನ್ನೂ ಎದೆಗವಚಿಕೊಂಡು, ಉಣ್ಣೆ ಚಪ್ಪಲಿಯಲ್ಲಿ ಅವಳು ಮೆಟ್ಟಿಲಿಳಿದಳು. ಬೀದಿಯಲ್ಲಿ ಎತ್ತರದ ಟೋಪಿಯವರು, ಕೊಡೆಯವರು, ಮುಂದೆ ಭಾರಿ ಚಕ್ರವಿರುವ ಸೈಕಲ್ ಹತ್ತಲು ಒದ್ದಾಡುತ್ತಿದ್ದವರು ಎಲ್ಲ ಸೇರಿದ್ದರು. ಸಮುದ್ರದ ಗಾಳಿ ಟೋಪಿಗಳನ್ನು ಎಗರಿಸುತ್ತಿತ್ತು.

ಹಬ್ಬದ ಉಡುಪಿನಲ್ಲಿರುವಾಗ ಯಾರನ್ನೂ ಮೊದಲ ಹೆಸರು ಹಿಡಿದು ಕರೆಯಬಾರದು ಎಂಬುದು ಅಲ್ಲಿಯ ಕಟ್ಟುಪಾಡು. ಆದ್ದರಿಂದ ಕಪ್ಪು ಕೋಟಿನ ಫರ್ಗಸ್ ಪುಸ್ತಕದ ಪೆಟ್ಟಿಗೆಗಳ ನಡುವಿನಿಂದ ಎದ್ದು, "ಬನ್ನಿ ಮಿಸೆಸ್ ಟುಲಕ್. ಇದೇನು, ಕುರಿಮರಿ ಮೆಟ್ಟಿಕೊಂಡು ಬಂದಿದೀರಲ್ಲ?" ಎಂದ.

"ಮಿಸ್ಟರ್ ಮಿಲ್ನ್, ನಗೋದಾದ್ರೆ ಈಗಲೇ ನಕ್ಕುಬಿಡಿ. ಕಾರ್ಸೆಟ್ ಮೊದಲು ಹಾಕ್ಕೊಂಡೆ."

"ನೀವಾ?"

"ನಾನೇ."

ಅವನು ಧಾರಾಳವಾಗಿ ನಕ್ಕ. ಆಮೇಲೆ ಅವಳಿಗೊಂದು ಕುರ್ಚಿ ಎಳೆದು, ಕೊಕ್ಕೆ ಇಸಿದುಕೊಂಡು, ಮಂಡಿ ಹಿಡಿದುಕೊಂಡು ನರಳುತ್ತ ನೆಲಕ್ಕೆ ಕೂತ. ಆ ಕಾಲದ ಕಾದಂಬರಿಯಾಗಿದ್ದರೆ, ಹೆಂಗಸಿನ ಕಣಕಾಲು ನೋಡಿದ ಗಂಡಸು ಮುಂದಿನ ಅಧ್ಯಾಯದಲ್ಲಿ ಮದುವೆಯಾಗಲೇಬೇಕಿತ್ತು. ನೋಲಿನ್ ಚಾವಣಿ ನೋಡುತ್ತ ಕೂತಳು. ಬಲಗಾಲಿನ ಗುಂಡಿಗಳನ್ನು ಅವನು ಒಂದೊಂದಾಗಿ ಕೊಕ್ಕೆಯಲ್ಲಿ ಎಳೆದು ಹಾಕಿದ. ಎಡಗಾಲಿಗೆಂದು ಆ ಕಡೆ ಬಾಗಿದಾಗ ಲಂಗದೊಳಗೆ ತೂಗುತ್ತಿದ್ದುದು ಅವನ ಹಣೆಗೆ ಠಪ್ಪೆಂದು ಬಡಿಯಿತು.

"ಅಯ್ಯಪ್ಪಾ! ಏನ್ರೀ ಇದು, ಇಟ್ಟಿಗೆನಾ?"

"ಪುಸ್ತಕ ಏನಲ್ಲ," ಎಂದುಬಿಟ್ಟಳು ನೋಲಿನ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ.

ಫರ್ಗಸ್ ಹಣೆ ಉಜ್ಜಿಕೊಳ್ಳುತ್ತ ಕೈ ಚಾಚಿದ. ಇನ್ನು ಮೀನ ಮೇಷ ಎಣಿಸಿ ಫಲವಿರಲಿಲ್ಲ. ಅವಳು ಲಂಗದ ಸೀಳಿನೊಳಗೆ ಕೈ ಹಾಕಿ ಪುಸ್ತಕ ತೆಗೆದು ಕೊಟ್ಟಳು. ಅವನು ಬೆನ್ನಿನ ಅಕ್ಷರ ಓದಿದ. ಇನ್ನೊಮ್ಮೆ ಓದಿದ.

"ಯಾವಾಗ ಸಿಕ್ತು?"

"ಹೋದ ವರ್ಷ."

"ಹೋದ ಶನಿವಾರ ಕೂಡ ಬಂತಾ ಅಂತ ಕೇಳಿದ್ರಲ್ಲ!"

"ಕೇಳಿದೆ."

ಅವನು ಪುಟ ತೆರೆಯಲು ನೋಡಿದ, ಅದು ತೆರೆದುಕೊಳ್ಳಲಿಲ್ಲ. ಆ ಕಾಲದ ಪುಸ್ತಕಗಳ ಹಾಳೆಗಳು ಮಡಿಕೆಯಾಗಿಯೇ ಇರುತ್ತಿದ್ದವು, ಓದುವವರೇ ಅಂಚನ್ನು ಚಾಕುವಿನಿಂದ ಬಿಡಿಸಿಕೊಳ್ಳಬೇಕಿತ್ತು. ಇದರ ಒಂದು ಅಂಚಿಗೂ ಚಾಕು ಮುಟ್ಟಿರಲಿಲ್ಲ.

"ಓದೇ ಇಲ್ವಾ ನೀವು? ಆಗಸ್ಟಾಗೆ ಹಡಗು ಸಿಕ್ತಾ ಇಲ್ವಾ ಅಂತ ತಿಳ್ಕೊಳ್ದೆ ಹೇಗೆ ತಡ್ಕೊಂಡ್ರಿ?"

"ಒಬ್ಬಳೇ ಓದೋಕೆ ಮನಸ್ಸು ಬರ್ಲಿಲ್ಲ. ಆ ಕಥೆ ನನಗೆ ನಿಮ್ಮ ದನೀಲೇ ಕೇಳ್ಸೋದು. ಕೊಟ್ರೆ ಓದಿ ಮುಗ್ಸಿಬಿಡ್ತೀರ, ಆಮೇಲೆ ನಾನು ಯಾವ ನೆಪ ಹೇಳ್ಕೊಂಡು ಬರ್ಲಿ?"

ಹೊರಗೆ ವಾದ್ಯದವರು ಶುರು ಮಾಡಿದರು. ಮೆರವಣಿಗೆ ಹೊರಟಿತು. ಬೆವ್ ಗಾಜಿಗೆ ಮೂಗು ಒತ್ತಿ ಒಳಗೆ ನೋಡಿ, ಅಕ್ಕನ ಒಂದು ಕಾಲಿನಲ್ಲಿ ಬೂಟು, ಒಂದು ಕಾಲಿನಲ್ಲಿ ಚಪ್ಪಲಿ, ಮುಂದೆ ನೆಲದ ಮೇಲೆ ಗಂಡಸು, ಇಷ್ಟನ್ನು ಕಂಡು, ಬಾಗಿಲು ಬಡಿಯದೆ ಹೋದಳು. ಅವಳ ಜನ್ಮದಲ್ಲಿ ಬಾಗಿಲು ಬಡಿಯದೆ ಹೋದದ್ದು ಅದೇ ಮೊದಲಿರಬೇಕು.

ನೋಲಿನ್‌ಗೆ ಉಸಿರು ಸಿಕ್ಕಿಕೊಂಡಿತ್ತು. ತಪ್ಪು ಕಾರ್ಸೆಟ್ಟಿನದು ಮಾತ್ರವಲ್ಲ. ಎರಡು ಸಂಪುಟದುದ್ದಕ್ಕೂ ಹೇಳಬೇಕಾದ್ದನ್ನು ಹೇಳದೆ ಒದ್ದಾಡುವ ಆಗಸ್ಟಾಳನ್ನು ತಾನು ಎಷ್ಟು ಸಲ ಬೈದಿದ್ದೆ ಎಂದು ನೆನಪಾಯಿತು.

"ಫರ್ಗಸ್," ಎಂದಳು. "ಹೋಗ್ಬೇಡಿ. ನೆಲ್ಸನ್‌ನಲ್ಲಿ ಬಿಸಿಲಿರ್ಬಹುದು, ಇರ್ಲಿ. ನನಗೆ ನೀವು ಇಲ್ಲಿರ್ಬೇಕು. ಪುಸ್ತಕ ಇರ್ಲಿ, ಇಲ್ದೇ ಇರ್ಲಿ."

ಅವನು ಪುಸ್ತಕವನ್ನು ಪಕ್ಕದ ಪೆಟ್ಟಿಗೆಯ ಮೇಲಿಟ್ಟ. ಅವಳ ಎಡಗಾಲಿನ ಚಪ್ಪಲಿ ಕಳಚಿ ಬೂಟು ಏರಿಸಿದ. ಒಂದೊಂದೇ ಗುಂಡಿ. ಎಷ್ಟು ನಿಧಾನವೆಂದರೆ ವಾದ್ಯದ ಸದ್ದು ಬೀದಿಯ ತುದಿ ತಲುಪಿ ತಿರುಗಿತು. ನೋಲಿನ್‌ಗೆ ಅಳು ಬರುವುದರಲ್ಲಿತ್ತು. ಕೊನೆಯ ಗುಂಡಿ ಹಾಕಿ ಅವನು ಕೊಕ್ಕೆಯನ್ನು ಅವಳಿಗೆ ಕೊಡಲಿಲ್ಲ. ತನ್ನ ಕೋಟಿನ ಜೇಬಿಗೆ ಹಾಕಿಕೊಂಡ.

"ಮುಂದಿನ ವರ್ಷಾನೂ ಇದೇ ತಪ್ಪು ಮಾಡಿ, ನೋಲಿನ್," ಎಂದ. "ಇಲ್ಲೇ ಬನ್ನಿ. ನಾನಿರ್ತೀನಿ."

"ನಿಮ್ಮ ಅಕ್ಕ?"

"ಅವಳು ಬಾ ಅಂತ ಕರೆದ್ಲು. ಇಲ್ಲಿ ಇರು ಅಂತ ಯಾರೂ ಅಂದಿರ್ಲಿಲ್ಲ, ಅಷ್ಟೇ." ಕಣ್ಣು ಒರೆಸಿಕೊಂಡು ಸುತ್ತ ನೋಡಿದ. "ಆಯ್ತು, ಈಗ ಒಂದು ಕೈ ಕೊಡಿ. ಮಂಡಿ ಹಿಡ್ಕೊಂಡಿದೆ, ಏಳಕ್ಕಾಗ್ತಿಲ್ಲ."

"ನನಗೆ ಬಗ್ಗಕ್ಕಾಗಲ್ವಲ್ಲ!"

ಅವನಿಗೆ ಏಳಲಾಗದು, ಅವಳಿಗೆ ಬಗ್ಗಲಾಗದು. ಇಬ್ಬರೂ ನಗಲು ಶುರುಮಾಡಿದರು. ಕಡೆಗೆ ಅವಳೇ ಎದ್ದು ಮೇಜಿನ ಮೇಲಿದ್ದ ಹಾಳೆ ಕತ್ತರಿಸುವ ಚಾಕು ತಂದುಕೊಟ್ಟಳು. ಅವನು ನೆಲದ ಮೇಲೆ ಪೆಟ್ಟಿಗೆಗೆ ಒರಗಿ ಕೂತು ಮೊದಲ ಹಾಳೆ ಬಿಡಿಸಿ ಓದತೊಡಗಿದ. ಮೆರವಣಿಗೆ ಮುಗಿಸಿ ಚೀಸ್ ರೋಲಿನ ಪೊಟ್ಟಣದೊಂದಿಗೆ ಬೆವ್ ಬಂದಾಗಲೂ ಇಬ್ಬರೂ ಇದ್ದಲ್ಲೇ ಇದ್ದರು. ಬಾಟಲಿ ಹಸಿರು ಗೌನನ್ನು ಊರಿನ ಜನ ಆ ವರ್ಷ ನೋಡಲೇ ಇಲ್ಲ. ಅವಳಿಗೆ ಅದರ ಬೇಸರವೂ ಆಗಲಿಲ್ಲ.

ಮುಂದಿನ ನವೆಂಬರಿನಲ್ಲಿ ಹೊಸಬರಿಗೆ ಪಾಠ ಹೇಳುವಾಗ ನೋಲಿನ್ ಎಂದಿನಂತೆ "ಮೊದಲು ಬೂಟು, ಆಮೇಲೆ ಕಾರ್ಸೆಟ್ಟು, ಮರೀಬೇಡಿ" ಎಂದು ಗಟ್ಟಿಯಾಗಿ ಹೇಳಿದಳು. ಆಮೇಲೆ ತಂಗಿಯ ಕೈಯಲ್ಲಿ ತನ್ನ ಕಾರ್ಸೆಟ್ಟು ಬಿಗಿಸಿಕೊಂಡು, ಬೂಟುಗಳನ್ನು ಕೈಯಲ್ಲಿ ಹಿಡಿದು, ಉಣ್ಣೆ ಚಪ್ಪಲಿಯಲ್ಲಿ ಮೆಟ್ಟಿಲಿಳಿದು ಹೋದಳು.